ಭಯ ಮತ್ತು ಹಾಸ್ಯ: ಒಂದು ಚಲನಚಿತ್ರದ ವಿಚಾರ

ಲಕ್ಷಾಂತರ ಜನರನ್ನು ಸೆರೆಗೂ ಸಾವಿಗೂ ನೂಕಿದ ಸರ್ವಾಧಿಕಾರಿಯೊಬ್ಬನ ಮರಣವು ಹಾಸ್ಯಕ್ಕೆ ವಸ್ತುವಾಗಬಹುದೇ? ಅರ್ಮಾಂಡೊ ಇಯನೂಚಿ ನಿರ್ದೇಶಿಸಿದ ‘ದಿ ಡೆತ್ ಆಫ್ ಸ್ಟಾಲಿನ್’ (2017) ಚಿತ್ರವನ್ನು ನೋಡಿದವರಿಗೆ ಈ ಪ್ರಶ್ನೆ ಏಳದಿರದು.

ಮೊದಲು ಇತಿಹಾಸವನ್ನು ನೋಡೋಣ. 1953ನೆಯ ಮಾರ್ಚ್ 1ರಂದು ಮಾಸ್ಕೋ ಬಳಿಯ ಕುಂಟ್ಸೆವೊ ನಿವಾಸದಲ್ಲಿ ಸ್ಟಾಲಿನ್ ಹಗಲೆಲ್ಲ ಕೋಣೆಯಿಂದ ಹೊರಗೆ ಬರಲಿಲ್ಲ. ಅಪ್ಪಣೆಯಿಲ್ಲದೆ ಒಳಗೆ ಕಾಲಿಡಲು ಕಾವಲುಗಾರರಿಗೆ ಧೈರ್ಯ ಸಾಲಲಿಲ್ಲ. ರಾತ್ರಿ ನೋಡಿದಾಗ ಅವನು ಪಾರ್ಶ್ವವಾಯು ಬಡಿದು ನೆಲದ ಮೇಲೆ ಬಿದ್ದಿದ್ದನು. ವೈದ್ಯರು ಬಂದುದು ಮರುದಿನ ಬೆಳಿಗ್ಗೆ! ನಾಯಕರನ್ನು ಕೊಲ್ಲಲು ಸಂಚು ಹೂಡಿದರೆಂಬ ಸುಳ್ಳು ಆರೋಪದ ಮೇಲೆ ಹೆಸರಾಂತ ವೈದ್ಯರನೇಕರು ಆಗ ಸೆರೆಯಲ್ಲಿದ್ದರು. ಮಾರ್ಚ್ 5ರಂದು ಸ್ಟಾಲಿನ್ ತೀರಿಕೊಂಡನು. ತಾನು ಬಿತ್ತಿದ ಭಯದ ಬೆಳೆಯನ್ನು ಅವನೇ ಉಣ್ಣಬೇಕಾಯಿತು.

ವಿಕೃತಿಯು ಹಾಸ್ಯಕ್ಕೆ ಕಾರಣವೆಂಬುದು ನಮ್ಮ ಆಲಂಕಾರಿಕರ ಮತ. ಈ ಚಿತ್ರದಲ್ಲಿ ವಿಕೃತಗೊಂಡಿರುವುದು ವೇಷಭೂಷಣವಲ್ಲ, ಭಯದಿಂದ ಮನುಷ್ಯರ ನಡತೆ. ಸಮಿತಿಯ ಸಭೆಯಲ್ಲಿ ಮೊಲೊಟೋವ್ ಮಾತನಾಡುವಾಗ ಅವನ ಅಭಿಪ್ರಾಯ ಯಾವ ಕಡೆಗೆ ವಾಲುವುದೋ ತಿಳಿಯದೆ ಸದಸ್ಯರ ಕೈಗಳು ಏಳುತ್ತವೆ, ಇಳಿಯುತ್ತವೆ, ಮತ್ತೆ ಏಳುತ್ತವೆ. ಸೆರೆಯಲ್ಲಿದ್ದ ಹೆಂಡತಿಯನ್ನು ದ್ರೋಹಿಯೆಂದು ಹಳಿಯುತ್ತಿರುವಾಗಲೇ ಆಕೆ ಬಾಗಿಲಲ್ಲಿ ಕಾಣಿಸಿಕೊಳ್ಳಲು, ಅವನ ಮಾತು ಅಲ್ಲಿಯೇ ತಿರುಗುತ್ತದೆ. ನಾವು ನಗುತ್ತೇವೆ, ಮರುಕ್ಷಣದಲ್ಲಿಯೇ ಮೈ ನಡುಗುತ್ತದೆ. ಏಕೆಂದರೆ ಮೊಲೊಟೋವನ ಪತ್ನಿ ಪೊಲೀನಾ ಸೆರೆವಾಸವನ್ನು ಅನುಭವಿಸಿ, ಸ್ಟಾಲಿನ್ ಸತ್ತ ಮೇಲೆ ಬಿಡುಗಡೆ ಹೊಂದಿದುದು ಇತಿಹಾಸವೇ.

ಕಲೆಯ ಅನುಕೂಲಕ್ಕಾಗಿ ಚಿತ್ರವು ಕಾಲವನ್ನು ಕುಗ್ಗಿಸಿದೆ. ಗುಪ್ತ ಪೊಲೀಸರ ಮುಖ್ಯಸ್ಥನಾಗಿದ್ದ ಬೆರಿಯಾನ ಬಂಧನ, ವಿಚಾರಣೆ, ಮರಣದಂಡನೆಗಳು ಚಿತ್ರದಲ್ಲಿ ಒಂದೇ ಉಸಿರಿನಲ್ಲಿ ಮುಗಿಯುತ್ತವೆ. ವಾಸ್ತವದಲ್ಲಿ ಅವನನ್ನು ಬಂಧಿಸಿದುದು ಜೂನ್ 26ರಂದು. ಗುಂಡಿಟ್ಟು ಕೊಂದುದು ಡಿಸೆಂಬರ್ 23ರಂದು. ಆದುದರಿಂದ ವಿದ್ಯಾರ್ಥಿಗಳು ಈ ಚಿತ್ರವನ್ನು ಇತಿಹಾಸದ ಪಠ್ಯವೆಂದು ಭಾವಿಸಬಾರದು.

ಆದರೂ ಅದು ಹಿಡಿದಿರುವ ಸತ್ಯ ದೊಡ್ಡದು. ಸೋವಿಯತ್ ದೇಶಕ್ಕೆ 1936ರ ಸಂವಿಧಾನವಿದ್ದಿತು. ಆದರೆ ಅಧಿಕಾರವನ್ನು ಒಬ್ಬರಿಂದ ಒಬ್ಬರಿಗೆ ಶಾಂತವಾಗಿ ದಾಟಿಸುವ, ಎಲ್ಲರೂ ಮನ್ನಿಸುವ ಕ್ರಮವಿರಲಿಲ್ಲ. ಸೋತವನಿಗೆ ಮನೆಗೆ ಹೋಗುವ ದಾರಿಯಿಲ್ಲದಿದ್ದರೆ ಗೆಲ್ಲುವುದೇ ಬದುಕುವ ಉಪಾಯವಾಗುತ್ತದೆ. ಮ್ಯಾಲೆಂಕೋವ್ ಪ್ರಧಾನಿಯಾದರೂ 1955ರಲ್ಲಿ ಕೆಳಗಿಳಿದನು. ಕ್ರುಶ್ಚೇವ್ ಮೇಲೇರಿ 1956ರಲ್ಲಿ ಸ್ಟಾಲಿನ್ನನ ಕ್ರೌರ್ಯವನ್ನು ಪಕ್ಷದ ಮಹಾಧಿವೇಶನದಲ್ಲಿ ಖಂಡಿಸಿದನು. 1957ರಲ್ಲಿ ಎದುರಾಳಿಗಳು ಸೋತಾಗ ಅವರ ಕೊಲೆಯಾಗಲಿಲ್ಲ: ಮೊಲೊಟೋವ್ ಮಂಗೋಲಿಯಾಕ್ಕೆ ರಾಯಭಾರಿಯಾದನು, ಮ್ಯಾಲೆಂಕೋವ್ ದೂರದ ಕಜಕಸ್ತಾನದ ವಿದ್ಯುದಾಗಾರಕ್ಕೆ ಹೋದನು. 1964ರಲ್ಲಿ ಪದಚ್ಯುತನಾದ ಕ್ರುಶ್ಚೇವನೂ ಜೀವಸಹಿತ ಮನೆ ಸೇರಿದನು. ಹಿಂದೆ ಬೆರಿಯಾನಿಗಾದ ಗತಿಯನ್ನು ನೆನೆದರೆ ಈ ಬದಲಾವಣೆಯ ಬೆಲೆ ತಿಳಿಯುತ್ತದೆ.

2018ರ ಜನವರಿಯಲ್ಲಿ, ಬಿಡುಗಡೆಗೆ ಕೆಲವೇ ದಿನಗಳಿರುವಾಗ, ರಷ್ಯಾದ ಸಂಸ್ಕೃತಿ ಸಚಿವಾಲಯವು ಈ ಚಿತ್ರದ ಪರವಾನಗಿಯನ್ನು ಹಿಂತೆಗೆದುಕೊಂಡಿತು. ಸ್ಟಾಲಿನ್ ಸತ್ತು ಅರುವತ್ತನಾಲ್ಕು ವರ್ಷಗಳು ಕಳೆದಿದ್ದರೂ ಅವನ ಸುತ್ತಲಿನ ನಗೆಗೆ ಹೆದರಿಕೆ ತೀರಿರಲಿಲ್ಲ!

ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಚಿತ್ರವು ಸತ್ತ ಅಮಾಯಕರನ್ನು ನೋಡಿ ನಗುವುದಿಲ್ಲ. ಕೊಲ್ಲುವವರ ಗಾಂಭೀರ್ಯವನ್ನು ನೋಡಿ ನಗುತ್ತದೆ. ಅಂಥ ನಗೆ ಅನುಚಿತವಲ್ಲ. ಯಾರನ್ನು ಕಂಡು ನಗಲು ಜನ ಹೆದರುವರೋ, ಅವನ ಆಳ್ವಿಕೆಯನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಯು ಎರಡು ಸಲ ಪರೀಕ್ಷಿಸಿ ನೋಡಬೇಕು.