ವಿಆರ್ ಹೆಡ್‌ಸೆಟ್ ಆರಿಸುವವರಿಗೆ ಆರು ಸೂತ್ರ

ಬ್ರ್ಯಾಂಡ್ ಯಾವುದೆಂದು ಆಮೇಲೆ ಕೇಳಿ. ಚಿತ್ರ ಹುಟ್ಟುವುದು ಎಲ್ಲಿ ಎಂದು ಮೊದಲು ಕೇಳಿ.

1. ಜಾತಿ ಗುರುತಿಸಿ. ಫೋನ್ ಸಿಕ್ಕಿಸುವ ಡಬ್ಬಿ ಒಂದು. ಕಂಪ್ಯೂಟರ್ ಬೇಡುವ ವಾಲ್ವ್ ಇಂಡೆಕ್ಸ್ ಥರದ್ದು ಇನ್ನೊಂದು. ಪ್ಲೇಸ್ಟೇಷನ್ ವಿಆರ್2ಗೆ ಪಿಎಸ್5 ಬೇಕು, ಇಲ್ಲವೇ ಅಡಾಪ್ಟರ್ ಹಾಕಿದ ಕಂಪ್ಯೂಟರ್. ಮೆಟಾ ಕ್ವೆಸ್ಟ್‌ನಲ್ಲಿ ಪ್ರೊಸೆಸರ್, ಬ್ಯಾಟರಿ ಎಲ್ಲ ಒಳಗೇ ಇರುತ್ತವೆ. ಎರಡನೆಯ, ಮೂರನೆಯ ಜಾತಿಗೆ ಬೆಲೆ ಚೀಟಿಯಲ್ಲಿ ಕಾಣದ ದೊಡ್ಡ ಖರ್ಚೊಂದು ಇದೆ, ಮರೆಯಬೇಡಿ.

2. ಒಂದು ಹೆಜ್ಜೆ ಮುಂದಿಡಿ. ಕೊಳ್ಳುವ ಮುನ್ನ ತಲೆಗೆ ಹಾಕಿಕೊಂಡು ಮಾಡಬೇಕಾದ ಪರೀಕ್ಷೆ ಇದೊಂದೇ. ಚಿತ್ರದಲ್ಲಿ ಎದುರಿಗಿರುವ ಮೇಜು ಹತ್ತಿರ ಬಂತೇ? ಹಾಗಿದ್ದರೆ ಯಂತ್ರಕ್ಕೆ ನಿಮ್ಮ ನಡಿಗೆಯೂ ತಿಳಿಯುತ್ತದೆ; ಇದೇ 6ಡಿಒಎಫ್. ಮೇಜು ಅಷ್ಟೇ ದೂರದಲ್ಲಿ ಉಳಿದರೆ ಅದು 3ಡಿಒಎಫ್, ತಲೆ ತಿರುಗಿಸಿದ್ದಷ್ಟೇ ಅದಕ್ಕೆ ಗೊತ್ತು. ಮೈ ಚಲಿಸಿದೆ ಎಂದು ಒಳಕಿವಿ ಹೇಳುತ್ತದೆ, ಇಲ್ಲ ಎಂದು ಕಣ್ಣು ಹೇಳುತ್ತದೆ. ಹೊಟ್ಟೆ ತೊಳಸುವುದು ಈ ಜಗಳದಿಂದಲೇ.

3. ಡಬ್ಬಿಯ ಮಿತಿ ಅರಿಯಿರಿ. 2014ರಲ್ಲಿ ಗೂಗಲ್ ರಟ್ಟಿನ ಕಾರ್ಡ್‌ಬೋರ್ಡ್ ತಂದಿತು. ಐಪಿಎಲ್ ನೋಡಲೆಂದು ಜಿಯೋ 2023ರಲ್ಲಿ 1,299 ರೂಪಾಯಿಗೆ ಜಿಯೋಡೈವ್ ತಂದಿತು. ಇಂಥ ಫೋನ್ ಡಬ್ಬಿಗಳು 3ಡಿಒಎಫ್ ಮಾತ್ರ; ಕೂತು ವಿಡಿಯೊ ನೋಡಲು ಅಡ್ಡಿಯಿಲ್ಲ, ಎದ್ದು ಆಡಲು ಆಗದು.

4. ಕೋಣೆ ನೋಡಿಕೊಳ್ಳಿ. ನೀವಿರುವ ಜಾಗ ಗುರುತಿಸಲು ಇಂಡೆಕ್ಸ್‌ಗೆ ಮೂಲೆಗಳಲ್ಲಿ ಬೇಸ್ ಸ್ಟೇಷನ್ ಕೂರಿಸಬೇಕು. ಕ್ವೆಸ್ಟ್ ತನ್ನ ಕ್ಯಾಮೆರಾಗಳಿಂದಲೇ ಜಾಗ ಅಳೆಯುತ್ತದೆ, ಆದರೆ ಮಬ್ಬು ಬೆಳಕಲ್ಲಿ ತಡವರಿಸುತ್ತದೆ.

5. ಹೆಸರು ಒಂದೇ ಎಂದು ಮೋಸಹೋಗಬೇಡಿ. ಕ್ವೆಸ್ಟ್ 3, 3ಎಸ್ ಎರಡರಲ್ಲೂ ಚಿಪ್ ಒಂದೇ. ಕಣ್ಣಿಗೆ ಕಾಣುವುದು ಮಾತ್ರ ಬೇರೆ. 3ರಲ್ಲಿ ತೆಳುವಾದ ಪ್ಯಾನ್‌ಕೇಕ್ ಲೆನ್ಸ್, ಅಂಚಿನವರೆಗೂ ಸ್ಪಷ್ಟ. 3ಎಸ್‌ನಲ್ಲಿ ಹಳೆಯ ಫ್ರೆನೆಲ್. ದೊಡ್ಡವರ ಕಣ್ಣುಪಾಪೆಗಳ ನಡುವೆ ಸರಾಸರಿ 63 ಮಿ.ಮೀ. ಅಂತರವಿರುತ್ತದೆ. ಆ ಅಳತೆಗೆ 3ರಲ್ಲಿ ಚಕ್ರ ತಿರುಗಿಸಿ ಹೊಂದಿಸಬಹುದು, 3ಎಸ್‌ನಲ್ಲಿ ಮೂರೇ ಸ್ಥಾನ. ದಿನಾ ಓದಲು, ಕೆಲಸಕ್ಕೆ ಬಳಸುವವರು ದುಡ್ಡು ಉಳಿಸಬೇಕಾದ ಜಾಗ ಇದಲ್ಲ. ಹಾಗೆಂದು 2024ರಲ್ಲಿ 3,499 ಡಾಲರ್‌ಗೆ ಬಂದ ಆಪಲ್ ವಿಷನ್ ಪ್ರೊಗೆ ಹಾರಬೇಕಿಲ್ಲ. ಅಷ್ಟು ಕೊಟ್ಟರೂ ಅದರ ಬ್ಯಾಟರಿ ವೈರಿನಲ್ಲಿ ಜೋತು ಜೇಬು ಸೇರುತ್ತದೆ.

6. ಬಿಸಿಲಿಗೆ ಇಡಬೇಡಿ. ಲೆನ್ಸ್ ಬಿಸಿಲನ್ನು ಒಂದೆಡೆ ಕೂಡಿಸಿ ಒಳಗಿನ ಪರದೆಯನ್ನು ಸುಡುತ್ತದೆ. ಸ್ವಲ್ಪ ಹೊತ್ತು ಸಾಕು. ಕಿಟಕಿಯ ಬಳಿಯಲ್ಲೂ ಬೇಡ, ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡವೇ ಬೇಡ.