ದುರ್ಬಲ ಆಮ್ಲದ ಪಿಎಚ್ ಲೆಕ್ಕ

ವಿನಿಗರ್, ಉಪ್ಪಿನಕಾಯಿ ತಯಾರಿಸುವ ಘಟಕಗಳಲ್ಲಿ ತ್ಯಾಜ್ಯನೀರಿನ ಪಿಎಚ್ ಒಂದನ್ನೇ ನೋಡಿ ಕಾಸ್ಟಿಕ್ ಸೋಡಾದ ಖರೀದಿಯನ್ನು ಅಂದಾಜಿಸುವುದುಂಟು. ಈ ಅಂದಾಜು ಏಕೆ ತಪ್ಪುವುದೆಂಬುದನ್ನು ಪರಿಶೀಲಿಸೋಣ.

ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲವು ದುರ್ಬಲ ಆಮ್ಲ. ನೀರಿನಲ್ಲಿ ಅದರ ಅಲ್ಪಭಾಗ ಮಾತ್ರ ವಿಯೋಜನೆಗೊಂಡು ಹೈಡ್ರೋಜನ್ ಅಯಾನುಗಳನ್ನು ನೀಡುತ್ತದೆ. ಪಿಎಚ್ ತೋರಿಸುವುದು ಈ ಅಯಾನುಗಳನ್ನಷ್ಟೇ. ವ್ಯಾಪಾರಿಗಳ ಭಾಷೆಯಲ್ಲಿ ಹೇಳುವುದಾದರೆ ಇದು ಗಲ್ಲಾಪೆಟ್ಟಿಗೆಯ ನಗದು, ಉಳಿದದ್ದೆಲ್ಲ ಬ್ಯಾಂಕಿನಲ್ಲಿದೆ. ಕ್ಷಾರ ಬೆರೆಸಿದಂತೆಲ್ಲ ಅದೂ ಹೊರಬರುತ್ತದೆ.

ಲೀಟರಿಗೆ 6 ಗ್ರಾಂ, ಅಂದರೆ 0.1 ಮೋಲ್, ಅಸಿಟಿಕ್ ಆಮ್ಲವಿದೆಯೆನ್ನೋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ವಿಯೋಜನ ಸ್ಥಿರಾಂಕ 0.000018. ಇವೆರಡರ ಗುಣಲಬ್ಧದ ವರ್ಗಮೂಲವೇ ಸುಮಾರಾಗಿ ಅಯಾನುಗಳ ಸಾರತೆ: ಲೀಟರಿಗೆ 0.00134 ಮೋಲ್. ಆಗ ಪಿಎಚ್ 2.87, ವಿಯೋಜನೆ ಶೇ. 1.34. (ವಿಯೋಜನೆ ಶೇ. 5ನ್ನು ಮೀರದಿದ್ದಾಗ ಈ ಸರಳ ಸೂತ್ರ ಸಾಕು.) ನೀರು ಬೆರೆಸಿ ಸಾರತೆಯನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿದರೂ ಪಿಎಚ್ 3.37ಕ್ಕಷ್ಟೇ ಏರುವುದು.

ಇದೇ 2.87 ಪಿಎಚ್ ಇರುವ ಹೈಡ್ರೋಕ್ಲೋರಿಕ್ ಆಮ್ಲದ 1000 ಲೀಟರ್ ದ್ರಾವಣವನ್ನು ತಟಸ್ಥಗೊಳಿಸಲು ಸುಮಾರು 54 ಗ್ರಾಂ ಶುದ್ಧ ಕಾಸ್ಟಿಕ್ ಸೋಡಾ ಸಾಕು. ಮೇಲಿನ ಅಸಿಟಿಕ್ ಆಮ್ಲಕ್ಕಾದರೋ 4 ಕಿಲೋಗ್ರಾಂ ಬೇಕು. ಆದುದರಿಂದ ಖರೀದಿಗೆ ಮುನ್ನ ಟೈಟ್ರೇಷನ್ ಮಾಡಿಸಿ ಒಟ್ಟು ಆಮ್ಲತೆಯನ್ನು ತಿಳಿದುಕೊಳ್ಳತಕ್ಕದ್ದು.