ಅಂಬೆಗಾಲಿನಿಂದ ಅಕ್ಷರದವರೆಗೆ: ಮಕ್ಕಳ ಚಲನಾ ಕೌಶಲಗಳು

ಮಗುವಿನ ಆರೋಗ್ಯವೆಂದೊಡನೆ ನಮ್ಮ ಗಮನವು ತೂಕ, ಲಸಿಕೆ, ಜ್ವರ, ಕೆಮ್ಮುಗಳ ಕಡೆಗೆ ಹೋಗುತ್ತದೆ. ಅದು ಸಹಜವೂ ಹೌದು. ಆದರೆ ಮಗು ಕತ್ತು ನಿಲ್ಲಿಸಿತೇ, ಬೋರಲು ಬಿದ್ದಿತೇ, ಆಸರೆಯಿಲ್ಲದೆ ಕುಳಿತಿತೇ, ಸಣ್ಣ ಕಾಳನ್ನು ಎರಡು ಬೆರಳುಗಳಿಂದ ಎತ್ತಿತೇ ಎಂಬ ಸಂಗತಿಗಳೂ ಅಷ್ಟೇ ಮುಖ್ಯವಾದವು. ಮಿದುಳು, ನರ, ಸ್ನಾಯು, ಮೂಳೆಗಳು ಕೂಡಿ ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂಬುದನ್ನು ಇವು ತಿಳಿಸುತ್ತವೆ. ವೈದ್ಯಶಾಸ್ತ್ರವು ಇವನ್ನು ಚಲನಾ ಕೌಶಲಗಳೆಂದು ಕರೆಯುತ್ತದೆ. ಕತ್ತು, ಬೆನ್ನು, ತೊಡೆಗಳ ದೊಡ್ಡ ಸ್ನಾಯುಗಳಿಂದ ಆಗುವ ಕೆಲಸಗಳು ಸ್ಥೂಲ ಕೌಶಲಗಳು. ಕೈಬೆರಳುಗಳಿಂದ ಆಗುವವು ಸೂಕ್ಷ್ಮ ಕೌಶಲಗಳು.

ಈ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ನೆರೆಮನೆಯ ಮಗು ಹತ್ತು ತಿಂಗಳಿಗೇ ನಡೆಯಿತೆಂದು ನಮ್ಮ ಮಗುವನ್ನು ಅವಸರಪಡಿಸುವುದು ಒಂದು. ಎರಡು ವರ್ಷವಾದರೂ ನಡೆಯದ ಮಗುವನ್ನು ಕಂಡು, "ಇವರಪ್ಪನೂ ತಡವಾಗಿಯೇ ನಡೆದದ್ದು" ಎಂದು ಸುಮ್ಮನಿರುವುದು ಇನ್ನೊಂದು. ಎರಡನೆಯದೇ ಹೆಚ್ಚು ಹಾನಿಕರವೆಂದು ನಮಗೆ ತೋರುತ್ತದೆ.

ಚಲನೆಯ ಮೇಲಿನ ಹತೋಟಿಯು ತಲೆಯಿಂದ ಕಾಲಿನ ಕಡೆಗೂ, ಮೈಯ ನಡುವಿನಿಂದ ಬೆರಳಿನ ತುದಿಯ ಕಡೆಗೂ ಸಾಗುತ್ತದೆ. ಮೊದಲು ಕತ್ತು, ಅನಂತರ ಬೆನ್ನು, ಆಮೇಲೆ ಸೊಂಟ, ಕಡೆಗೆ ಪಾದ. ಕ್ರಮವು ಬಹುಮಟ್ಟಿಗೆ ಒಂದೇ ಆದರೂ ಕಾಲವು ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಚೆನ್ನಾಗಿ ತೋರಿಸಿದೆ. ಆಸರೆಯಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳೊಳಗೆ, ಅಂಬೆಗಾಲಿಡುವುದು 5ರಿಂದ 13 ತಿಂಗಳೊಳಗೆ, ತಾನೇ ನಡೆಯುವುದು 8ರಿಂದ 17 ತಿಂಗಳೊಳಗೆ ಎಂದು ಅಲ್ಲಿ ಕಂಡುಬಂದಿತು. ಇಷ್ಟು ಅಗಲವಾದ ಅವಧಿಯಲ್ಲಿ ಯಾವಾಗ ನಡೆದರೂ ಅದು ಸಹಜವೇ. ನೂರರಲ್ಲಿ ನಾಲ್ಕರಷ್ಟು ಮಕ್ಕಳು ಕೈ-ಮಂಡಿಗಳ ಮೇಲೆ ಅಂಬೆಗಾಲಿಡದೆಯೇ ಮುಂದಿನ ಹಂತಕ್ಕೆ ಹೋದದ್ದೂ ಉಂಟು. ಆದುದರಿಂದ ಹೊಸ್ತಿಲು ದಾಟಿದ ದಿನ ಸಿಹಿ ಮಾಡುವ ನಮ್ಮ ಮನೆಗಳಲ್ಲಿ, ಆ ದಿನ ಒಂದೆರಡು ತಿಂಗಳು ಹಿಂದುಮುಂದಾದರೆ ತಾಯಿಯು ಕಣ್ಣೀರಿಡಬೇಕಾಗಿಲ್ಲ. ಆದರೆ ಅವಧಿಗೆ ಒಂದು ಕೊನೆಯೂ ಇದೆ ಎಂಬುದನ್ನು ಮರೆಯಲಾಗದು.

ನಡೆಯುವುದನ್ನು ಮಗುವಿಗೆ ಯಾರೂ ಕಲಿಸುವುದಿಲ್ಲ. ಅದು ಬಿದ್ದೆದ್ದು ಕಲಿಯುತ್ತದೆ. ಅಮೆರಿಕದ ಮನೋವಿಜ್ಞಾನಿ ಕ್ಯಾರನ್ ಅಡಾಲ್ಫ್ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದ ಲೆಕ್ಕವೊಂದು ವಿಸ್ಮಯಕರವಾದುದು. ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳು ಆಡುತ್ತಿರುವಾಗ ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆಗಳನ್ನಿಟ್ಟು 17 ಬಾರಿ ಬೀಳುತ್ತವೆ! ಇಷ್ಟು ಸಾಧನೆ ನಡೆಯಬೇಕಾದರೆ ಮಗುವಿಗೆ ಬೇಕಾದುದು ಚೊಕ್ಕಟವಾದ ನೆಲ, ಬರಿಗಾಲು, ಕಣ್ಣಿಟ್ಟಿರುವ ಹಿರಿಯರು. ದಿನವಿಡೀ ಕಂಕುಳಲ್ಲೋ ತೊಟ್ಟಿಲಲ್ಲೋ ಇರುವ ಮಗುವಿಗೆ ಈ ಅವಕಾಶವೇ ಸಿಗುವುದಿಲ್ಲ. ಇನ್ನೂ ಹರಿದಾಡದ ಎಳೆಗೂಸನ್ನು ಎಚ್ಚರವಾಗಿರುವಾಗ ಚಾಪೆಯ ಮೇಲೆ ಬೋರಲು ಮಲಗಿಸಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆಯಿತ್ತಿದೆ. ಕತ್ತು, ಭುಜ, ಬೆನ್ನುಗಳು ಗಟ್ಟಿಯಾಗುವುದು ಹೀಗೆಯೇ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು. ಬೋರಲು ಮಲಗಿ ನಿದ್ರಿಸುವುದು ಕೂಸಿನ ಪ್ರಾಣಕ್ಕೆ ಅಪಾಯ.

ಇಲ್ಲಿ ವಾಕರಿನ ಮಾತನ್ನು ಆಡಲೇಬೇಕು. ಮಗುವನ್ನು ನಡುವೆ ಕೂರಿಸುವ ಈ ಗಾಲಿಗಳ ಸಾಧನವು ಈಗ ಹಳ್ಳಿಯ ಜಾತ್ರೆಯಂಗಡಿಗಳಲ್ಲಿಯೂ ಮಾರಾಟವಾಗುತ್ತದೆ. ಸೋದರಮಾವಂದಿರು ಪ್ರೀತಿಯಿಂದ ಉಡುಗೊರೆಯಾಗಿ ತರುವುದೂ ಇದನ್ನೇ. ಇದರಲ್ಲಿ ಕುಳಿತ ಮಗು ತನ್ನ ಭಾರವನ್ನು ತಾನು ಹೊರುವುದಿಲ್ಲ, ತುದಿಗಾಲಿನಿಂದ ನೆಲವನ್ನು ಒದೆಯುತ್ತದೆ, ತನ್ನ ಪಾದಗಳನ್ನೂ ಸರಿಯಾಗಿ ಕಾಣದು. ಸಮತೋಲವನ್ನು ಕಲಿಯುವ ಅಗತ್ಯವೇ ಅದಕ್ಕೆ ಬೀಳುವುದಿಲ್ಲ. ವಾಕರಿನಿಂದ ಮಗು ಬೇಗ ನಡೆಯುತ್ತದೆಂಬುದು ಹುಸಿ. ಕೆಲವು ಅಧ್ಯಯನಗಳಲ್ಲಿ ತಡವಾದದ್ದೇ ಕಂಡುಬಂದಿದೆ. ಮೇಲಾಗಿ ಮೆಟ್ಟಿಲಿನಿಂದ ಉರುಳುವ, ಒಲೆಯ ಮೇಲಿನ ಪಾತ್ರೆಗೆ ಕೈಚಾಚುವ ಅಪಾಯವೂ ಉಂಟು. ಕೆನಡಾ ದೇಶವು 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ನಮ್ಮ ಹಳೆಯ ಮೂರು ಗಾಲಿಯ ಮರದ ಗಾಡಿಯ ಮಾತು ಬೇರೆ. ಅದನ್ನು ಹಿಡಿದು ಮಗು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ತಾನೇ ತಳ್ಳಬೇಕು. ಪಕ್ಕದಲ್ಲಿ ಹಿರಿಯರಿದ್ದರೆ ಅದು ಒಳ್ಳೆಯ ಆಟಿಕೆ.

ಇನ್ನು ಕೈಗಳ ವಿಚಾರ. ಹುಟ್ಟಿದ ಕೂಸು ಅಂಗೈಗೆ ಬೆರಳಿಟ್ಟರೆ ಬಿಗಿಯಾಗಿ ಹಿಡಿಯುತ್ತದೆ. ಆದರೆ ಅದು ಇಚ್ಛಾಪೂರ್ವಕವಾದ ಹಿಡಿತವಲ್ಲ. ನಾಲ್ಕೈದು ತಿಂಗಳಿಗೆ ಕೈಚಾಚಿ ಇಡೀ ಅಂಗೈಯಿಂದ ವಸ್ತುವನ್ನು ಬಾಚಿಕೊಳ್ಳುತ್ತದೆ. ಆರೇಳು ತಿಂಗಳಿಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತದೆ. ಒಂಬತ್ತು-ಹತ್ತು ತಿಂಗಳ ಹೊತ್ತಿಗೆ ಹೆಬ್ಬೆರಳು ತೋರುಬೆರಳುಗಳನ್ನು ಕೂಡಿಸಿ ಮಂಡಕ್ಕಿಯ ಕಾಳೊಂದನ್ನು ಎತ್ತುವುದನ್ನು ಕಲಿಯುತ್ತದೆ. ಮುಂದೆ ಗುಂಡಿ ಹಾಕುವುದು, ಹೂ ಕಟ್ಟುವುದು, ಲೇಖನಿ ಹಿಡಿಯುವುದು ಎಲ್ಲಕ್ಕೂ ಈ ಚಿಕ್ಕ ಚಿವುಟು ಹಿಡಿತವೇ ಅಡಿಪಾಯ. (ಶೇಂಗಾ, ಹುರಿಗಡಲೆಗಳನ್ನು ಈ ವಯಸ್ಸಿನ ಮಕ್ಕಳ ಕೈಗೆ ಕೊಡಲೇಬಾರದು, ಅವು ಉಸಿರುನಾಳದಲ್ಲಿ ಸಿಕ್ಕಿಕೊಳ್ಳುತ್ತವೆ.) ಮೈಗೆಲ್ಲಾ ಅನ್ನ ಮೆತ್ತಿಕೊಂಡರೂ ಮಗು ತಾನೇ ಉಣ್ಣಲಿ. ತಾಯಿಯ ಕೆಲಸ ಹೆಚ್ಚುವುದು ನಿಜ, ಆದರೆ ಮಗುವಿನ ಬೆರಳಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಮತ್ತೊಂದಿಲ್ಲ. ಮೊಬೈಲಿನ ಗಾಜಿನ ಮೇಲೆ ಬೆರಳು ಜಾರಿಸುವುದರಲ್ಲಿ ಹಿಡಿತವೂ ಇಲ್ಲ, ಬಲವೂ ಇಲ್ಲ.

ಮೂರು ವರ್ಷದ ಮಗುವಿನಿಂದ ಪುಟಗಟ್ಟಲೆ ಕಾಪಿ ಬರೆಸುವ ಶಾಲೆಗಳು ಈಗ ತಾಲ್ಲೂಕು ಊರುಗಳಲ್ಲಿಯೂ ಇವೆ. ಅದನ್ನೇ ಶಾಲೆಯ ಹಿರಿಮೆಯೆಂದು ತಿಳಿಯುವ ಪಾಲಕರೂ ಇದ್ದಾರೆ. ಶರೀರದ ಲೆಕ್ಕವೇ ಬೇರೆ. ಮಣಿಕಟ್ಟಿನ ಎಂಟು ಮೂಳೆಗಳು ಹುಟ್ಟುವಾಗ ಕೇವಲ ಮೃದ್ವಸ್ಥಿ. ಅವು ಒಂದೊಂದಾಗಿ ಗಟ್ಟಿಯಾಗತೊಡಗುತ್ತವೆ, ಕೊನೆಯದರ ಸರದಿ ಬರಲು ಎಂಟು-ಹತ್ತು ವರ್ಷಗಳೇ ಬೇಕು. ಸಾಮಾನ್ಯವಾಗಿ ಮಗು ಸೊನ್ನೆಯನ್ನು ನೋಡಿ ಬರೆಯಬಲ್ಲುದು ಮೂರು ವರ್ಷಕ್ಕೆ, ಕೂಡುವ ಚಿಹ್ನೆಯನ್ನು ನಾಲ್ಕಕ್ಕೆ, ತ್ರಿಕೋನವನ್ನು ಐದಕ್ಕೆ. ನಮ್ಮ ಕನ್ನಡದ ಅಕ್ಷರಗಳಲ್ಲಿಯೋ ಸುತ್ತು, ತಿರುವು, ಕೊಂಬುಗಳೇ ಹೆಚ್ಚು. ಕೈ ಸಿದ್ಧವಾಗುವ ಮೊದಲು ಬರೆಸಿದರೆ ಮಗು ಲೇಖನಿಯನ್ನು ತಪ್ಪಾಗಿ ಹಿಡಿಯುವುದನ್ನೂ, ಬರವಣಿಗೆಗೆ ಅಂಜುವುದನ್ನೂ ಕಲಿಯುತ್ತದೆ. ಆ ವಯಸ್ಸಿನಲ್ಲಿ ಚಪಾತಿಯ ಹಿಟ್ಟು ನಾದಲಿ, ಅವರೆಕಾಯಿ ಸುಲಿಯಲಿ, ಜೇಡಿಮಣ್ಣಿನಲ್ಲಿ ಬಸವಣ್ಣನನ್ನು ಮಾಡಲಿ, ಮರಳಿನಲ್ಲಿ ಬೆರಳಾಡಿಸಲಿ. ಐದಾರು ವರ್ಷಕ್ಕೆ ಅಳಿಗುಳಿಮಣೆ, ಕುಂಟೆಬಿಲ್ಲೆ, ಬುಗುರಿ ಬರಲಿ. ಕುಂಟೆಬಿಲ್ಲೆಯೊಂದರಲ್ಲಿಯೇ ಒಂಟಿಕಾಲಿನ ಸಮತೋಲ, ಗುರಿ, ಸರದಿ ಕಾಯುವ ತಾಳ್ಮೆ ಮೂರೂ ಇವೆ.

ಈಗ ಅವಧಿಯ ಕೊನೆಯ ಮಾತಿಗೆ ಬರೋಣ. ನಾಲ್ಕು ತಿಂಗಳು ಮುಗಿದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳು ಕಳೆದರೂ ಕೂರದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಈ ಲೆಕ್ಕವನ್ನು ಹುಟ್ಟಿದ ದಿನದಿಂದಲ್ಲ, ವೈದ್ಯರು ಹೇಳಿದ್ದ ಹೆರಿಗೆಯ ದಿನದಿಂದ ಹಿಡಿಯಬೇಕು. ಮೈ ಬಟ್ಟೆಯಂತೆ ಜೋಲುತ್ತಿದ್ದರೆ ಅಥವಾ ಕಟ್ಟಿಗೆಯಂತೆ ಸೆಟೆಯುತ್ತಿದ್ದರೆ, ಕಲಿತಿದ್ದ ಕೆಲಸವನ್ನು ಮಗು ಮರೆತರೆ, ವಯಸ್ಸೆಷ್ಟೇ ಇರಲಿ ಕಾಯಬಾರದು. ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ ಮನೆಯವರು "ಎಡಚ" ಎಂದು ನಕ್ಕು ಬಿಡುತ್ತಾರೆ. ಅದು ಇನ್ನೊಂದು ಕೈಯ ದೌರ್ಬಲ್ಯದ ಸೂಚನೆಯಿರಬಹುದು. ಮೂರು-ನಾಲ್ಕು ವರ್ಷದ ಗಂಡುಮಗು ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿ ಹತ್ತುವಂತೆ ಎದ್ದರೆ ಅದು ಸ್ನಾಯುಕ್ಷಯದ ಲಕ್ಷಣವಿರಬಹುದು, ತಡಮಾಡಬಾರದು.

ಎಲ್ಲ ವಿಳಂಬವೂ ದೊಡ್ಡ ರೋಗವಲ್ಲ. ರಕ್ತಹೀನತೆ, ಡಿ ಜೀವಸತ್ವದ ಕೊರತೆ, ಥೈರಾಯ್ಡ್ ದೋಷಗಳಿಂದಲೂ ಮಗು ಹಿಂದೆ ಬೀಳುತ್ತದೆ, ಇವೆಲ್ಲಕ್ಕೂ ಮದ್ದಿದೆ. ಮಿದುಳಿಗೆ ಪೆಟ್ಟಾಗಿರುವ ಮಕ್ಕಳಿಗೂ ಎಳವೆಯಲ್ಲಿಯೇ ವ್ಯಾಯಾಮ ಚಿಕಿತ್ಸೆ ಆರಂಭವಾದರೆ ಆಗುವ ಪ್ರಯೋಜನವು ತಡವಾದ ಮೇಲೆ ಆಗದು. ಹರಕೆ, ತಾಯತಗಳಲ್ಲಿ ಕಳೆಯುವ ಒಂದು ವರ್ಷವು ಮಗುವಿನ ಪಾಲಿಗೆ ಬಹು ದೊಡ್ಡದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯಲ್ಲಿ ಅಂಗನವಾಡಿಗೆ ವೈದ್ಯರ ತಂಡ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ; ಅಗತ್ಯವಿದ್ದವರನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸುತ್ತದೆ. ಇದಕ್ಕೆ ಖರ್ಚಿಲ್ಲ. ತಂಡ ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯಿಂದ ಮೊದಲೇ ಕೇಳಿ ತಿಳಿದು, ಆ ದಿನ ಮಗುವನ್ನು ತಪ್ಪದೆ ಕರೆದೊಯ್ಯಬೇಕು. ವೈದ್ಯರ ಮುಂದೆ ಮಗು ಅಳುತ್ತದೆ, ಮನೆಯಲ್ಲಿ ಮಾಡುವುದನ್ನು ಅಲ್ಲಿ ಮಾಡುವುದಿಲ್ಲ. ಆದುದರಿಂದ ಅದು ಮನೆಯಲ್ಲಿ ಏಳುವ, ಹರಿದಾಡುವ, ವಸ್ತುಗಳನ್ನು ಹಿಡಿಯುವ ರೀತಿಯನ್ನು ಎರಡು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗುವುದು ಉತ್ತಮ.